ಐತ್ವವೋ ಏತ್ವವೋ: ಅಯಾನು, ಸಂಯುಕ್ತಗಳ ಹೆಸರು ಕಟ್ಟುವ ಬಗೆ

ಅಡುಗೆಮನೆಯ ಅಯೋಡಿನ್ ಉಪ್ಪಿನಲ್ಲಿ ಅಯೋಡಿನ್ ಯಾವ ರೂಪದಲ್ಲಿದೆ ಎಂದು ತರಗತಿಯಲ್ಲಿ ಪ್ರತಿ ವರ್ಷ ಕೇಳುತ್ತೇನೆ. ‘ಪೊಟ್ಯಾಸಿಯಂ ಅಯೊಡೈಡ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ನಮ್ಮ ದೇಶದ ಉಪ್ಪಿಗೆ ಬೆರೆಸುವುದು ಪೊಟ್ಯಾಸಿಯಂ ಅಯೊಡೇಟ್. ‘ಎರಡೂ ಒಂದೇ ಅಲ್ವಾ ಮಿಸ್?’ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಅಲ್ಲ. ಅಯೊಡೈಡ್ ಎಂದರೆ ಒಂಟಿ ಅಯೋಡಿನ್. ಅಯೊಡೇಟ್ ಎಂದರೆ ಒಂದು ಅಯೋಡಿನ್, ಅದಕ್ಕೆ ಅಂಟಿಕೊಂಡ ಮೂರು ಆಕ್ಸಿಜನ್. ಸೆಕೆ, ತೇವ ಎರಡೂ ಇರುವ ನಮ್ಮ ಹವೆಯಲ್ಲಿ ಅಯೊಡೈಡ್ ಬೆರೆಸಿದ ಉಪ್ಪಿನಿಂದ ಅಯೋಡಿನ್ ಬೇಗ ಹಾರಿಹೋಗುತ್ತದೆ, ಅಯೊಡೇಟ್ ಬೆರೆಸಿದ್ದರಲ್ಲಿ ಹೆಚ್ಚು ದಿನ ಉಳಿಯುತ್ತದೆ. ಗಳಗಂಡ ತಡೆಯಬೇಕಾದ ಅಯೋಡಿನ್ ತಟ್ಟೆಯವರೆಗೂ ಉಳಿದು ಬರುವುದು ಆ ಮೂರು ಆಕ್ಸಿಜನ್‌ಗಳ ಕೃಪೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನೈಟ್ರೇಟ್, ನೈಟ್ರೈಟ್, ನೈಟ್ರೈಡ್ ಈ ಮೂರನ್ನೂ ಮೆಲ್ಲಗೆ ಓದಿ. ಮೊದಲ ಎರಡರ ನಡುವೆ ಇರುವ ವ್ಯತ್ಯಾಸ ಏತ್ವದ ದೀರ್ಘ ಮತ್ತು ಐತ್ವ, ಅಷ್ಟೇ. ಕೊನೆಯ ಎರಡರ ನಡುವೆ ಟಕಾರ, ಡಕಾರದ ವ್ಯತ್ಯಾಸ. ಮೂರೂ ಬೇರೆ ಬೇರೆ ಅಯಾನುಗಳು (ಅಂದರೆ ವಿದ್ಯುತ್ ಆವೇಶ ಹೊತ್ತ ಪರಮಾಣುಗಳು ಅಥವಾ ಪರಮಾಣು ಗುಂಪುಗಳು), ಬೇರೆ ಬೇರೆ ಗುಣದವು. ಕಾಗುಣಿತದ ತಪ್ಪು ಎಂದು ಕನ್ನಡದ ಮೇಷ್ಟ್ರು ಅರ್ಧ ಅಂಕ ಕಳೆದು ಬಿಡಬಹುದು. ರಸಾಯನಶಾಸ್ತ್ರದಲ್ಲಿ ವಸ್ತುವೇ ಬದಲಾಗಿಬಿಡುತ್ತದೆ.

ಒಂಬತ್ತನೇ ತರಗತಿಯಲ್ಲಿ ವೇಲೆನ್ಸಿ (ಧಾತುವೊಂದು ಇನ್ನೊಂದರ ಜೊತೆ ಸೇರುವ ಸಾಮರ್ಥ್ಯದ ಸಂಖ್ಯೆ) ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುವುದು ರೂಢಿ. ನಾನೂ ಹಾಗೆಯೇ ಕಲಿತವಳು. ಪರೀಕ್ಷೆ ಮುಗಿದ ಮರುವಾರ ಪಟ್ಟಿ ಮರೆತುಹೋಗುತ್ತದೆ. ಪಿಯುಸಿಗೆ ಹೋದಾಗ ಇಂಗ್ಲಿಷಿನಲ್ಲಿ ಅದನ್ನೇ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಪಟ್ಟಿಗಿಂತ ಮೊದಲು ಬೇಕಾದದ್ದು ಪ್ರಶ್ನೆ ಕೇಳುವ ಕ್ರಮ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂಬುದು ಕೈಗೆ ಹತ್ತಿದರೆ ನೆನಪಿಡಬೇಕಾದ್ದು ಬಹಳ ಕಡಿಮೆ.

ಹೆಸರಿನೊಳಗೆ ಏನಿದೆ

ತುತ್ತ, ಅನ್ನಭೇದಿ, ಪೆಟ್ಲುಪ್ಪು, ನವಸಾಗರ, ಪಟಿಕ. ನಮ್ಮ ಅಜ್ಜಿಯಂದಿರಿಗೂ ಗ್ರಂಥಿಗೆ ಅಂಗಡಿಯವರಿಗೂ ಗೊತ್ತಿದ್ದ ಈ ಹೆಸರುಗಳು ಚೆನ್ನಾಗಿವೆ. ಆದರೆ ಒಳಗೇನಿದೆ ಎಂದು ಅವು ಹೇಳುವುದಿಲ್ಲ. ಯುರೋಪಿನಲ್ಲೂ ಹದಿನೆಂಟನೇ ಶತಮಾನದವರೆಗೆ ಇದೇ ಸ್ಥಿತಿ ಇತ್ತು. 1787ರಲ್ಲಿ ಪ್ಯಾರಿಸ್‌ನಲ್ಲಿ ಗ್ವಿಟನ್ ದ ಮೊರ್ವೊ, ಲವಾಸಿಯೇ, ಬರ್ತೊಲೆ, ಫುರ್‌ಕ್ರ್ವಾ ಎಂಬ ನಾಲ್ವರು ಸೇರಿ ಹೊಸ ಪದ್ಧತಿ ಮುಂದಿಟ್ಟರು: ವಸ್ತುವಿನ ಹೆಸರು ಅದರೊಳಗಿನ ಧಾತುಗಳನ್ನು ಹೇಳಬೇಕು. ‘ಏಟ್’, ‘ಐಟ್’ ಎಂಬ ಬಾಲಗಳು ಅಂದು ಬಂದವು. ಆದ್ದರಿಂದ ಇನ್ನು ಮುಂದೆ ಯಾವುದೇ ಹೆಸರನ್ನು ವಿಳಾಸ ಓದಿದಂತೆ ಓದಿ: ಮೊದಲ ಪದ ಒಬ್ಬರದು, ಎರಡನೆಯದು ಇನ್ನೊಬ್ಬರದು, ಬಾಲ ಅವರಿಬ್ಬರ ಸಂಬಂಧದ ಗುರುತು.

ಅಯಾನು ಎಂಬ ಪದವನ್ನು ಬಳಕೆಗೆ ತಂದವರು ಮೈಕೆಲ್ ಫ್ಯಾರಡೆ, 1834ರಲ್ಲಿ, ವಿಲಿಯಂ ಹ್ಯೂವೆಲ್ ಅವರ ಸಲಹೆ ಪಡೆದು. ದ್ರಾವಣಕ್ಕೆ ವಿದ್ಯುತ್ ಹಾಯಿಸಿದಾಗ ಒಂದೊಂದು ತುದಿಯ ಕಡೆಗೆ ಹೋಗುವ ಕಣಗಳಿಗೆ ಗ್ರೀಕಿನಲ್ಲಿ ‘ಹೋಗುವುದು’ ಎಂಬ ಅರ್ಥದ ಪದ. ಉತ್ತರಾಯಣ, ದಕ್ಷಿಣಾಯನದಲ್ಲಿರುವ ‘ಅಯನ’ಕ್ಕೂ ಆ ಗ್ರೀಕ್ ಪದಕ್ಕೂ ಪದಮೂಲ ಒಂದೇ. ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಅಯಾನು ಎಂಬುದು ಪರಕೀಯ ಪದ ಅನ್ನಿಸುವುದಿಲ್ಲ.

ಹೆಜ್ಜೆ 1: ಮೊದಲು ನಿಂತವರು ಯಾರು?

ಸೂತ್ರ, ಅಂದರೆ ಯಾವ ಧಾತು ಎಷ್ಟಿದೆ ಎಂದು ತೋರಿಸುವ ಬರಹ, ಕೈಗೆ ಬಂದ ಕೂಡಲೇ ಸಂಖ್ಯೆಗಳನ್ನು ನೋಡಬೇಡಿ. ಎಡಗಡೆ ಮೊದಲು ಬರೆದಿರುವ ಧಾತು ಯಾವುದು ಎಂದಷ್ಟೇ ನೋಡಿ. ಉತ್ತರ ನಾಲ್ಕರಲ್ಲಿ ಒಂದಾಗಿರುತ್ತದೆ. ಒಂದೇ ಆವೇಶಕ್ಕೆ ಅಂಟಿಕೊಂಡ ಲೋಹ, ಉದಾಹರಣೆಗೆ ಸೋಡಿಯಂ. ಆವೇಶ ಬದಲಿಸುವ ಲೋಹ, ಉದಾಹರಣೆಗೆ ಕಬ್ಬಿಣ. ಅಲೋಹ, ಉದಾಹರಣೆಗೆ ಇಂಗಾಲ. ನೀರಿನಲ್ಲಿ ಕರಗಿ ಆಮ್ಲವಾಗುವ ಹೈಡ್ರೋಜನ್ ಸಂಯುಕ್ತ. ಇವನ್ನು ನಾಲ್ಕು ಬಾಗಿಲು ಎಂದುಕೊಳ್ಳಿ, ನಾಲ್ಕಕ್ಕೂ ಹೆಸರಿಡುವ ರೀತಿ ಬೇರೆ. ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಒಂದು ಬಾಗಿಲಿನ ನಿಯಮವನ್ನು ಇನ್ನೊಂದು ಬಾಗಿಲಿನೊಳಗೆ ಒಯ್ಯುವುದರಿಂದ ಆಗುವಂಥವು.

ಹೆಜ್ಜೆ 2: ಒಂಟಿ ಅಯಾನುಗಳು

ಲೋಹದ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನು ಆಗುತ್ತದೆ. ಅದರ ಹೆಸರು ಬದಲಾಗುವುದಿಲ್ಲ, ಸೋಡಿಯಂ ಲೋಹದಿಂದ ಬಂದದ್ದು ಸೋಡಿಯಂ ಅಯಾನು. ಆವರ್ತ ಕೋಷ್ಟಕದ ಮೊದಲ ಗುಂಪಿನ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳಿಗೆ ಒಂದು ಧನ ಆವೇಶ. ಎರಡನೇ ಗುಂಪಿನ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂಗಳಿಗೆ ಎರಡು. ಅಲ್ಯೂಮಿನಿಯಂಗೆ ಮೂರು. ಇವುಗಳ ಜೊತೆ ಸತುವಿಗೆ ಎರಡು, ಬೆಳ್ಳಿಗೆ ಒಂದು ಎಂದು ಸೇರಿಸಿಕೊಂಡರೆ ಆರಂಭಕ್ಕೆ ಸಾಕು.

ಅಲೋಹದ ಪರಮಾಣು ಎಲೆಕ್ಟ್ರಾನ್ ಪಡೆದು ಋಣ ಅಯಾನು ಆಗುತ್ತದೆ. ಆಗ ಹೆಸರಿನ ಕೊನೆ ಕತ್ತರಿಸಿ ‘ಐಡ್’ ಸೇರಿಸಬೇಕು. ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಆಕ್ಸಿಜನ್ ಆಕ್ಸೈಡ್, ಸಲ್ಫರ್ ಸಲ್ಫೈಡ್, ನೈಟ್ರೋಜನ್ ನೈಟ್ರೈಡ್, ಫಾಸ್ಫರಸ್ ಫಾಸ್ಫೈಡ್. ಆವೇಶ ಎಷ್ಟೆಂದು ತಿಳಿಯಲು ಎಂಟರಿಂದ ಹೊರಕವಚದ ಎಲೆಕ್ಟ್ರಾನ್ ಸಂಖ್ಯೆ ಕಳೆಯಿರಿ. ಆಕ್ಸಿಜನ್ನಿನಲ್ಲಿ ಆರಿವೆ, ಎಂಟಕ್ಕೆ ಎರಡು ಬೇಕು, ಆವೇಶ ಎರಡು ಋಣ.

ಧಾತು ಬೇರೆ, ಅದರ ಅಯಾನು ಬೇರೆ ಎಂಬುದನ್ನು ಇಲ್ಲಿಯೇ ಗಟ್ಟಿ ಮಾಡಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯ ಬೋರ್‌ವೆಲ್ ನೀರಿನ ತೊಂದರೆಯನ್ನು ಕೆಲವರು ‘ನೀರಿನಲ್ಲಿ ಫ್ಲೋರಿನ್ ಇದೆ’ ಎನ್ನುತ್ತಾರೆ. ಫ್ಲೋರಿನ್ ಸಿಕ್ಕಿದ್ದರ ಮೇಲೆಲ್ಲ ಎರಗುವ ಅನಿಲ, ನೀರಿನಲ್ಲಿ ಹಾಗೆಯೇ ಉಳಿಯಲಾರದು. ನೀರಿನಲ್ಲಿರುವುದು ಫ್ಲೋರೈಡ್ ಅಯಾನು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುವುದು ಈ ಅಯಾನಿನ ಬಗ್ಗೆ. ಮೊದಲ ಬಾಗಿಲಿನ ಲೋಹವೊಂದರ ಜೊತೆ ಅದು ಸೇರಿದರೆ ಹೆಸರು ಕಟ್ಟುವುದು ಸುಲಭ: ಸೋಡಿಯಂ ಫ್ಲೋರೈಡ್. ಟೂತ್‌ಪೇಸ್ಟಿನ ಟ್ಯೂಬಿನ ಮೇಲೆ ನೋಡಿರುತ್ತೀರಿ.

ಕ್ಯಾಲ್ಸಿಯಂ ಒಂದು, ಕ್ಲೋರಿನ್ ಎರಡು ಇದ್ದರೆ? ‘ಕ್ಯಾಲ್ಸಿಯಂ ಡೈಕ್ಲೋರೈಡ್’ ಎಂದು ಬರೆದರೆ ನಾನು ಕೆಂಪು ಶಾಯಿ ಹಾಕುತ್ತೇನೆ. ಕ್ಯಾಲ್ಸಿಯಂ ಕ್ಲೋರೈಡ್, ಅಷ್ಟೇ. ಕ್ಯಾಲ್ಸಿಯಂಗೆ ಎರಡೇ ಆವೇಶ, ಕ್ಲೋರೈಡಿಗೆ ಒಂದೇ. ಹಾಗಾಗಿ ಎರಡು ಕ್ಲೋರೈಡ್ ಬಾರದೆ ವಿಧಿಯೇ ಇಲ್ಲ. ಅನುಮಾನಕ್ಕೆ ಜಾಗವಿಲ್ಲದ ಕಡೆ ಹೆಸರಿನಲ್ಲಿ ಸಂಖ್ಯೆ ಬರುವುದಿಲ್ಲ.

ಹೆಜ್ಜೆ 3: ಆವೇಶ ಬದಲಿಸುವ ಲೋಹಗಳು

ಅನುಮಾನ ಹುಟ್ಟುವುದು ಇಲ್ಲಿ. ಕಬ್ಬಿಣ ಎರಡು ಧನ ಆವೇಶದಲ್ಲೂ ಇರುತ್ತದೆ, ಮೂರರಲ್ಲೂ ಇರುತ್ತದೆ. ತಾಮ್ರಕ್ಕೆ ಒಂದು, ಎರಡು. ತವರಕ್ಕೂ ಸೀಸಕ್ಕೂ ಎರಡು, ನಾಲ್ಕು. ಪಾದರಸಕ್ಕೆ ಒಂದು, ಎರಡು. ‘ಕಬ್ಬಿಣದ ಕ್ಲೋರೈಡ್’ ಎಂದು ಹೇಳಿ ಸುಮ್ಮನಾದರೆ ಕೇಳಿದವರಿಗೆ ಯಾವುದು ಎಂದು ತಿಳಿಯುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಲ್ಯಾಟಿನ್ ಹೆಸರಿಗೆ ಎರಡು ಬಾಲ ಕಟ್ಟುತ್ತಿದ್ದರು. ಕಡಿಮೆ ಆವೇಶಕ್ಕೆ ‘ಅಸ್’, ಹೆಚ್ಚಿನದಕ್ಕೆ ‘ಇಕ್’. ಫೆರಸ್ ಮತ್ತು ಫೆರಿಕ್, ಕ್ಯುಪ್ರಸ್ ಮತ್ತು ಕ್ಯುಪ್ರಿಕ್, ಸ್ಟ್ಯಾನಸ್ ಮತ್ತು ಸ್ಟ್ಯಾನಿಕ್, ಪ್ಲಂಬಸ್ ಮತ್ತು ಪ್ಲಂಬಿಕ್. ಈ ಬಾಲಗಳಲ್ಲಿ ಒಂದು ದೋಷವಿದೆ. ‘ಇಕ್’ ಎಂದರೆ ಹೆಚ್ಚು ಎಂದಷ್ಟೇ ತಿಳಿಯುತ್ತದೆ, ಎಷ್ಟು ಎಂದು ತಿಳಿಯುವುದಿಲ್ಲ. ಫೆರಿಕ್‌ನಲ್ಲಿ ಮೂರು, ಕ್ಯುಪ್ರಿಕ್‌ನಲ್ಲಿ ಎರಡು, ಸ್ಟ್ಯಾನಿಕ್‌ನಲ್ಲಿ ನಾಲ್ಕು. ಅದಕ್ಕಾಗಿ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ಸ್ಟಾಕ್ 1919ರಲ್ಲಿ ಆವೇಶವನ್ನೇ ಹೆಸರಿನ ಪಕ್ಕ ಬರೆಯುವ ದಾರಿ ಸೂಚಿಸಿದರು. ಪುಸ್ತಕಗಳಲ್ಲಿ ಅದು ಕಂಸದೊಳಗಿನ ರೋಮನ್ ಅಂಕಿ. ಇಲ್ಲಿ ನಾನು ಓದಲು ಸುಲಭವಾಗಲೆಂದು 2, 3 ಎಂದೇ ಬರೆಯುತ್ತೇನೆ: ಐರನ್ (2) ಕ್ಲೋರೈಡ್, ಐರನ್ (3) ಕ್ಲೋರೈಡ್.

ಎರಡೂ ಪದ್ಧತಿ ಕಲಿಯಿರಿ ಎಂಬುದು ನನ್ನ ಸಲಹೆ. ಪರೀಕ್ಷೆಗೆ ಸ್ಟಾಕ್ ಪದ್ಧತಿ ಸಾಕಾಗಬಹುದು. ಆದರೆ ಆಸ್ಪತ್ರೆಯಲ್ಲಿ ರಕ್ತಹೀನತೆಗೆ ಕೊಡುವ ಮಾತ್ರೆಯ ಹಾಳೆ ತಿರುಗಿಸಿದರೆ ಫೆರಸ್ ಸಲ್ಫೇಟ್, ಫೆರಸ್ ಆಸ್ಕಾರ್ಬೇಟ್ ಎಂದೇ ಇರುತ್ತದೆ. ಫೆರಸ್ ರೂಪವನ್ನು ಕರುಳು ಫೆರಿಕ್‌ಗಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಹಿಂದಿನವರ ‘ಅನ್ನಭೇದಿ’ ಕೂಡ ಇದೇ ಫೆರಸ್ ಸಲ್ಫೇಟ್.

ಪಾದರಸದ ಉದಾಹರಣೆಯನ್ನು ನಾನು ಯಾವ ತರಗತಿಯಲ್ಲೂ ಬಿಡುವುದಿಲ್ಲ. ಮರ್ಕ್ಯುರಸ್ ಕ್ಲೋರೈಡ್ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ವೈದ್ಯರು ಅದನ್ನು ಭೇದಿ ಔಷಧವಾಗಿ ಕೊಡುತ್ತಿದ್ದರು (ಅದೂ ಒಳ್ಳೆಯದಾಗಿರಲಿಲ್ಲ). ಮರ್ಕ್ಯುರಿಕ್ ಕ್ಲೋರೈಡ್ ನೀರಿನಲ್ಲಿ ಕರಗುವ, ಜೀವ ತೆಗೆಯುವ ವಿಷ. ಬಾಟಲಿಯ ಮೇಲಿನ ‘ರಸ್’, ‘ರಿಕ್’ ಎಂಬ ತುದಿಗಳನ್ನು ಅಡ್ಡಾದಿಡ್ಡಿ ಓದಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೂತ್ರದಿಂದ ಆವೇಶ ಕಂಡುಹಿಡಿಯುವ ಲೆಕ್ಕ. ಋಣ ಅಯಾನಿನ ಕಡೆಯಿಂದ ಶುರು ಮಾಡಿ, ಏಕೆಂದರೆ ಅದರ ಆವೇಶ ಗೊತ್ತಿದೆ. ಸಂಡೂರಿನ ಕೆಂಪು ಅದಿರು ಹೆಮಟೈಟ್ ತೆಗೆದುಕೊಳ್ಳೋಣ. ಎರಡು ಕಬ್ಬಿಣ, ಮೂರು ಆಕ್ಸಿಜನ್. ಆಕ್ಸೈಡಿಗೆ ಎರಡರಂತೆ ಮೂರಕ್ಕೆ ಒಟ್ಟು ಆರು ಋಣ. ಅದನ್ನು ಸರಿದೂಗಿಸಲು ಕಬ್ಬಿಣದ ಕಡೆ ಆರು ಧನ ಬೇಕು. ಇಬ್ಬರು ಹಂಚಿಕೊಂಡರೆ ತಲಾ ಮೂರು. ಹೆಸರು ಐರನ್ (3) ಆಕ್ಸೈಡ್, ಹಳೆಯ ರೀತಿಯಲ್ಲಿ ಫೆರಿಕ್ ಆಕ್ಸೈಡ್. ಗಮನಿಸಿ, ಕಂಸದ 3 ಬಂದದ್ದು ಕಬ್ಬಿಣದ ಆವೇಶದಿಂದ. ಸೂತ್ರದಲ್ಲಿ ಆಕ್ಸಿಜನ್ ಕೂಡ ಮೂರಿರುವುದು ಇಲ್ಲಿ ಕಾಕತಾಳೀಯದಂತೆ ಕಂಡು ಮಕ್ಕಳ ದಾರಿ ತಪ್ಪಿಸುತ್ತದೆ. ಒಂದು ಕಬ್ಬಿಣ, ಒಂದು ಆಕ್ಸಿಜನ್ ಇರುವಲ್ಲಿ ಹೆಸರು ಐರನ್ (2) ಆಕ್ಸೈಡ್. ಅಲ್ಲಿ ಸೂತ್ರದಲ್ಲಿ 2 ಎಲ್ಲೂ ಕಾಣುವುದಿಲ್ಲ.

ಕುದುರೆಮುಖದಲ್ಲಿ 2005ರವರೆಗೆ ತೆಗೆಯುತ್ತಿದ್ದ ಕಪ್ಪು ಅದಿರು ಮ್ಯಾಗ್ನಟೈಟ್. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಒಟ್ಟು ಎಂಟು ಋಣ, ಮೂವರಿಗೆ ಹಂಚಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ. ಲೆಕ್ಕ ತಪ್ಪಿಲ್ಲ. ಅದರಲ್ಲಿ ಇಬ್ಬರು ತಲಾ ಮೂರು ಕೊಟ್ಟಿದ್ದಾರೆ, ಒಬ್ಬ ಎರಡು ಕೊಟ್ಟಿದ್ದಾನೆ. ಹೆಸರನ್ನೂ ಹಾಗೆಯೇ ಐರನ್ (2,3) ಆಕ್ಸೈಡ್ ಎಂದು ಬರೆಯುತ್ತಾರೆ. ಭಾಗಾಕಾರ ಕೂಡದಿದ್ದಾಗ ಉತ್ತರ ಹೊಡೆದು ಹಾಕುವ ಮೊದಲು ಇದನ್ನು ನೆನೆಯಿರಿ.

ಹೆಜ್ಜೆ 4: ಗುಂಪಾಗಿ ಓಡಾಡುವ ಅಯಾನುಗಳು

ಕೆಲವು ಅಯಾನುಗಳಲ್ಲಿ ಎರಡು, ನಾಲ್ಕು, ಐದು ಪರಮಾಣುಗಳು ಒಟ್ಟಿಗೆ ಕಟ್ಟಿಕೊಂಡು ಒಂದೇ ಆವೇಶ ಹೊತ್ತು ತಿರುಗುತ್ತವೆ. ಬಹುಪರಮಾಣೀಯ ಅಯಾನು ಎಂದು ಪಠ್ಯಪುಸ್ತಕ ಕರೆಯುತ್ತದೆ. ಇವನ್ನು ಬಿಡಿಸಬೇಡಿ. ಸೂತ್ರದಲ್ಲಿ ಗಂಧಕದ ಜೊತೆ ನಾಲ್ಕು ಆಕ್ಸಿಜನ್ ಕಂಡರೆ ಅದು ಸಲ್ಫೇಟ್ ಎಂಬ ಒಂದೇ ಕುಟುಂಬ, ಸಲ್ಫರ್ ಬೇರೆ ಆಕ್ಸಿಜನ್ ಬೇರೆ ಅಲ್ಲ.

ಬಾಯಿಪಾಠ ತಪ್ಪದ ಜಾಗವೊಂದಿದ್ದರೆ ಇದೇ. ಆದರೆ ಬಾಯಿಪಾಠ ಮಾಡಬೇಕಾದ್ದು ‘ಏಟ್’ಗಳನ್ನು ಮಾತ್ರ. ನೈಟ್ರೇಟ್: ಮೂರು ಆಕ್ಸಿಜನ್, ಒಂದು ಋಣ. ಕ್ಲೋರೇಟ್: ಮೂರು, ಒಂದು. ಕಾರ್ಬೊನೇಟ್: ಮೂರು, ಎರಡು. ಸಲ್ಫೇಟ್: ನಾಲ್ಕು, ಎರಡು. ಫಾಸ್ಫೇಟ್: ನಾಲ್ಕು, ಮೂರು. ಈ ಐದನ್ನು ಗೋಡೆಗೆ ಅಂಟಿಸಿಕೊಳ್ಳಿ. ‘ಏಟ್’ ಎಂದರೆ ಇಷ್ಟೇ ಆಕ್ಸಿಜನ್ ಎಂಬ ನಿಯಮವಿಲ್ಲ, ಅದು ಆ ಮನೆತನದಲ್ಲಿ ಹೆಚ್ಚು ಪರಿಚಿತ ಸದಸ್ಯನ ಹೆಸರು.

ಉಳಿದದ್ದು ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ಒಂದು ಆಕ್ಸಿಜನ್ ಕಡಿಮೆಯಾದರೆ ‘ಐಟ್’. ಆವೇಶ ಹಾಗೇ ಉಳಿಯುತ್ತದೆ. ನೈಟ್ರೈಟಿನಲ್ಲಿ ಎರಡು ಆಕ್ಸಿಜನ್, ಸಲ್ಫೈಟಿನಲ್ಲಿ ಮೂರು. ಕ್ಲೋರಿನ್ನಿನ ಮನೆಯಲ್ಲಿ ಮೆಟ್ಟಿಲುಗಳು ಪೂರ್ತಿ ಇವೆ: ನಾಲ್ಕು ಆಕ್ಸಿಜನ್ ಇದ್ದರೆ ಪರ್‌ಕ್ಲೋರೇಟ್, ಮೂರಿದ್ದರೆ ಕ್ಲೋರೇಟ್, ಎರಡಕ್ಕೆ ಕ್ಲೋರೈಟ್, ಒಂದಕ್ಕೆ ಹೈಪೊಕ್ಲೋರೈಟ್, ಏನೂ ಇಲ್ಲದ ಬರಿಗೈಯ ಕ್ಲೋರಿನ್ ಕ್ಲೋರೈಡ್. ಐದೂ ಒಂದೇ ಋಣ ಆವೇಶದವು. ಪಂಚಾಯಿತಿಯವರು ಬಾವಿಗೆ ಹಾಕಿಸುವ ಬ್ಲೀಚಿಂಗ್ ಪೌಡರಿನಲ್ಲಿ ಕೆಲಸ ಮಾಡುವುದು ಹೈಪೊಕ್ಲೋರೈಟ್. ಬೆಂಕಿಕಡ್ಡಿಯ ತಲೆಯಲ್ಲಿರುವುದು ಪೊಟ್ಯಾಸಿಯಂ ಕ್ಲೋರೇಟ್. ಸಾರಿಗೆ ಹಾಕುವುದು ಸೋಡಿಯಂ ಕ್ಲೋರೈಡ್. ಒಂದೇ ಕ್ಲೋರಿನ್, ಆಕ್ಸಿಜನ್ ಲೆಕ್ಕ ಬದಲಾದಂತೆ ಒಂದು ಬಾವಿಗೆ, ಒಂದು ಬೆಂಕಿಪೆಟ್ಟಿಗೆಗೆ, ಒಂದು ಊಟದೆಲೆಗೆ.

ಐತ್ವ ಏತ್ವದ ಮಾತಿಗೆ ಮರಳಿದರೆ, ಇಲ್ಲಿ ಅದರ ಬೆಲೆ ಚೆನ್ನಾಗಿ ಕಾಣುತ್ತದೆ. ಗೊಬ್ಬರ, ಕೊಳಚೆಯಿಂದ ಬಾವಿ ನೀರಿಗೆ ಸೇರುವುದು ನೈಟ್ರೇಟ್. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಮಾನಕವಿದೆ. ಎಳೆ ಕೂಸಿನ ಹೊಟ್ಟೆಯಲ್ಲಿ ಅದು ಒಂದು ಆಕ್ಸಿಜನ್ ಕಳೆದುಕೊಂಡು ನೈಟ್ರೈಟ್ ಆಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ ಹೊರದಂತೆ ಮಾಡಿ ಮಗುವಿನ ಮೈ ನೀಲಿಗಟ್ಟಿಸುವುದು ಆ ನೈಟ್ರೈಟ್.

ಈ ಸಾಲಿಗೆ ಸೇರದ ಕೆಲವರಿದ್ದಾರೆ. ಅಮೋನಿಯಂ, ಅಂದರೆ ಒಂದು ನೈಟ್ರೋಜನ್ ನಾಲ್ಕು ಹೈಡ್ರೋಜನ್, ಗುಂಪು ಅಯಾನುಗಳಲ್ಲಿ ನೀವು ಕಾಣುವ ಧನ ಅಯಾನು ಬಹುಮಟ್ಟಿಗೆ ಅದೊಂದೇ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಹೈಡ್ರಾಕ್ಸೈಡ್ ಮತ್ತು ಸಯನೈಡ್ ‘ಐಡ್’ ಬಾಲ ಹೊತ್ತಿದ್ದರೂ ಒಂಟಿಯಲ್ಲ, ಜೋಡಿ. ಪೆರಾಕ್ಸೈಡ್ ಕೂಡ ಜೋಡಿ: ಎರಡು ಆಕ್ಸಿಜನ್ ಕೈಹಿಡಿದುಕೊಂಡು ಒಟ್ಟಾಗಿ ಎರಡು ಋಣ ಆವೇಶ ಹೊತ್ತಿವೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಕಾರ್ಬೊನೇಟಿಗೆ ಒಂದು ಹೈಡ್ರೋಜನ್ ಸೇರಿದರೆ ಆವೇಶ ಒಂದು ಇಳಿದು ಹೈಡ್ರೋಜನ್ ಕಾರ್ಬೊನೇಟ್ ಆಗುತ್ತದೆ, ಬಳಕೆಯ ಹೆಸರು ಬೈಕಾರ್ಬೊನೇಟ್. ಬೋಂಡಾ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್, ಬಟ್ಟೆ ಒಗೆಯುವ ಸೋಡಾ ಸೋಡಿಯಂ ಕಾರ್ಬೊನೇಟ್. ಡಬ್ಬಿ ಅದಲುಬದಲಾಗದಂತೆ ನೋಡಿಕೊಳ್ಳಿ.

ಹೆಜ್ಜೆ 5: ಹೆಸರಿನಿಂದ ಸೂತ್ರಕ್ಕೆ

ಧನ, ಋಣ ಎರಡೂ ಸೇರಿ ಸೊನ್ನೆಯಾಗಬೇಕು, ಇಷ್ಟೇ ಷರತ್ತು. ಅಲ್ಯೂಮಿನಿಯಂ ಆಕ್ಸೈಡ್ ಬರೆಯಬೇಕೆಂದಿಟ್ಟುಕೊಳ್ಳಿ. ಮೂರು ಧನ, ಎರಡು ಋಣ. ಎರಡು ಅಲ್ಯೂಮಿನಿಯಂ ಬಂದರೆ ಆರು ಧನ, ಮೂರು ಆಕ್ಸೈಡ್ ಬಂದರೆ ಆರು ಋಣ. ಒಬ್ಬರ ಆವೇಶದ ಸಂಖ್ಯೆಯನ್ನು ಇನ್ನೊಬ್ಬರ ಕಾಲಬುಡಕ್ಕೆ ಅಡ್ಡಹಾಯಿಸುವ ಉಪಾಯ ಎಲ್ಲರಿಗೂ ಗೊತ್ತು. ಹಾಯಿಸಿದ ಮೇಲೆ ಎರಡನ್ನೂ ಸಾಮಾನ್ಯ ಸಂಖ್ಯೆಯಿಂದ ಭಾಗಿಸಲು ಮರೆಯುವುದೇ ಅಲ್ಲಿಯ ತಪ್ಪು. ಕ್ಯಾಲ್ಸಿಯಂ ಆಕ್ಸೈಡಿಗೆ ಎರಡು-ಎರಡು ಬಂದರೆ ಒಂದು-ಒಂದು ಎಂದು ಇಳಿಸಿ.

ಗುಂಪು ಅಯಾನು ಒಂದಕ್ಕಿಂತ ಹೆಚ್ಚು ಬೇಕಾದರೆ ಅದಕ್ಕೆ ಕಂಸದ ಬೇಲಿ ಹಾಕಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್: ಒಂದು ಕ್ಯಾಲ್ಸಿಯಂ, ಎರಡು ಹೈಡ್ರಾಕ್ಸೈಡ್. ಬೇಲಿ ಇಲ್ಲದೆ 2 ಬರೆದರೆ ಹೈಡ್ರೋಜನ್ ಮಾತ್ರ ಎರಡಾಗಿ ಆಕ್ಸಿಜನ್ ಒಂದೇ ಉಳಿಯುತ್ತದೆ, ಅಂಥ ಸುಣ್ಣ ಲೋಕದಲ್ಲಿಲ್ಲ.

ಹೆಜ್ಜೆ 6: ಅಲೋಹದ ಜೊತೆ ಅಲೋಹ

ಇಲ್ಲಿ ಅಯಾನು ಇಲ್ಲ, ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿರುತ್ತಾರೆ. ಆವೇಶದ ಲೆಕ್ಕದಿಂದ ಸಂಖ್ಯೆ ಊಹಿಸಲು ಬರುವುದಿಲ್ಲ. ಹಾಗಾಗಿ ಎಷ್ಟಿವೆ ಎಂದು ಬಾಯಿಬಿಟ್ಟು ಹೇಳಬೇಕು. ಹಿಂದೆ ಬೇಡವೆಂದ ‘ಡೈ’, ‘ಟ್ರೈ’ಗಳು ಇಲ್ಲಿ ಕಡ್ಡಾಯ.

ಸಂಖ್ಯಾಪದಗಳಿಗೆ ಬೇರೆ ಪಟ್ಟಿ ಬೇಡ. ಡೈ ನಮ್ಮ ದ್ವಿ, ಟ್ರೈ ನಮ್ಮ ತ್ರಿ, ಟೆಟ್ರಾ ಚತುರ್, ಪೆಂಟಾ ಪಂಚ, ಹೆಕ್ಸಾ ಷಟ್, ಹೆಪ್ಟಾ ಸಪ್ತ, ಆಕ್ಟಾ ಅಷ್ಟ, ನೋನಾ ನವ, ಡೆಕಾ ದಶ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಡಹುಟ್ಟಿದ ಭಾಷೆಗಳಾದ್ದರಿಂದ ಹೋಲಿಕೆ ನಿಜವಾದದ್ದೇ. ‘ಮಾನೋ’ ಒಂದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಮೊದಲ ಧಾತು ಒಂದೇ ಇದ್ದರೆ ಮಾನೋ ಹಾಕುವುದಿಲ್ಲ, ಎರಡನೆಯದಕ್ಕೆ ಹಾಕುತ್ತೇವೆ.

ಇಂಗಾಲ ಒಂದು, ಆಕ್ಸಿಜನ್ ಒಂದು: ಕಾರ್ಬನ್ ಮಾನಾಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರನ್ನು ಕೊಲ್ಲುವ ಅನಿಲ. ಆಕ್ಸಿಜನ್ ಎರಡಾದರೆ ಕಾರ್ಬನ್ ಡೈಆಕ್ಸೈಡ್, ನಾವು ಉಸಿರಿನಲ್ಲಿ ಬಿಡುವುದು. ಎರಡು ನೈಟ್ರೋಜನ್ ಒಂದು ಆಕ್ಸಿಜನ್ ಇದ್ದರೆ ಡೈನೈಟ್ರೋಜನ್ ಮಾನಾಕ್ಸೈಡ್. ಎರಡು ನೈಟ್ರೋಜನ್ ಐದು ಆಕ್ಸಿಜನ್ ಇದ್ದರೆ ಡೈನೈಟ್ರೋಜನ್ ಪೆಂಟಾಕ್ಸೈಡ್. ಆಕ್ಸೈಡಿನ ಮುಂದೆ ಸ್ವರಕ್ಕೆ ಸ್ವರ ಬಂದಾಗ ಮಾನೋದ ಓಕಾರ, ಪೆಂಟಾದ ಆಕಾರ ಬಿದ್ದುಹೋಗುತ್ತವೆ. ನಮ್ಮ ಲೋಪಸಂಧಿಯೇ. ನೀರು, ಅಮೋನಿಯಾಗಳಿಗೆ ಹಳೆಯ ಹೆಸರೇ ಉಳಿದಿದೆ, ಅವನ್ನು ಬದಲಿಸಲು ಹೋಗಬೇಡಿ.

ಹೆಜ್ಜೆ 7: ಆಮ್ಲಗಳು

ಆಕ್ಸಿಜನ್‌ಗೆ ಆಮ್ಲಜನಕ ಎಂಬ ಹೆಸರು ಕೊಟ್ಟವರು ಲವಾಸಿಯೇ ಹೇಳಿದ್ದನ್ನೇ ಭಾಷಾಂತರಿಸಿದರು. ಆಮ್ಲ ಹುಟ್ಟಿಸುವುದು ಆಕ್ಸಿಜನ್ ಎಂದು ಅವರು ನಂಬಿದ್ದರು. ಆ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಹಂಫ್ರಿ ಡೇವಿ 1810ರಲ್ಲಿ ಕ್ಲೋರಿನ್ ಒಂದು ಧಾತು ಎಂದು ಸಾರಿದ ಮೇಲೆ ಇದು ಸ್ಪಷ್ಟವಾಯಿತು. ಆಮ್ಲಗಳ ಹೆಸರಿನಲ್ಲಿ ಈ ಕಥೆಯ ಗುರುತು ಇವತ್ತಿಗೂ ಇದೆ: ಆಕ್ಸಿಜನ್ ಇಲ್ಲದ ಆಮ್ಲಕ್ಕೆ ‘ಹೈಡ್ರೋ’ ಎಂಬ ಮುಂಬಾಲ, ಇರುವುದಕ್ಕೆ ಇಲ್ಲ.

ಆಮ್ಲಕ್ಕೆ ಹೆಸರಿಡಲು ಅದರ ಋಣ ಅಯಾನಿನ ಬಾಲ ನೋಡಿ. ‘ಐಡ್’ ಇದ್ದರೆ ಹೈಡ್ರೋ ಸೇರಿಸಿ ‘ಇಕ್’ ಎಂದು ಮುಗಿಸಿ: ಕ್ಲೋರೈಡಿನಿಂದ ಹೈಡ್ರೋಕ್ಲೋರಿಕ್. ‘ಏಟ್’ ಇದ್ದರೆ ‘ಇಕ್’: ಸಲ್ಫೇಟಿನಿಂದ ಸಲ್ಫ್ಯೂರಿಕ್, ನೈಟ್ರೇಟಿನಿಂದ ನೈಟ್ರಿಕ್, ಕಾರ್ಬೊನೇಟಿನಿಂದ ಗೋಲಿ ಸೋಡಾದ ಕಾರ್ಬೊನಿಕ್. ‘ಐಟ್’ ಇದ್ದರೆ ‘ಅಸ್’: ಸಲ್ಫೈಟಿನಿಂದ ಸಲ್ಫ್ಯೂರಸ್, ನೈಟ್ರೈಟಿನಿಂದ ನೈಟ್ರಸ್. ಫೆರಸ್, ಫೆರಿಕ್‌ನಲ್ಲಿ ಇದ್ದಂತೆಯೇ ಇಲ್ಲೂ ‘ಇಕ್’ ಮೇಲಿನ ಮೆಟ್ಟಿಲು, ‘ಅಸ್’ ಕೆಳಗಿನದು. ನೀರಿನಲ್ಲಿ ಕರಗದೆ ಅನಿಲವಾಗಿಯೇ ಇದ್ದಾಗ ಅದು ಹೈಡ್ರೋಜನ್ ಕ್ಲೋರೈಡ್, ಕರಗಿದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ.

ಚೀಲದ ಮೇಲಿನ ಹೆಸರುಗಳು

ಮಲೆನಾಡಿನ ಅಡಿಕೆ ತೋಟದವರಿಗೆ ಮಳೆಗಾಲದಲ್ಲಿ ಕೊಳೆರೋಗದ ಚಿಂತೆ. ಅದಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆ ನೀಲಿ ಹರಳಿನ ಪೂರ್ತಿ ಹೆಸರು ಕಾಪರ್ (2) ಸಲ್ಫೇಟ್ ಪೆಂಟಾಹೈಡ್ರೇಟ್. ಒಂದು ತಾಮ್ರ, ಒಂದು ಸಲ್ಫೇಟ್, ಜೊತೆಗೆ ಹರಳಿನೊಳಗೆ ಕೂತ ಐದು ನೀರಿನ ಅಣು. ಸಲ್ಫೇಟಿಗೆ ಎರಡು ಋಣ, ಆದ್ದರಿಂದ ತಾಮ್ರ (2). ನೀರಿನ ಲೆಕ್ಕಕ್ಕೆ ಮಾತ್ರ ಪೆಂಟಾ. ಪ್ರಯೋಗಶಾಲೆಯಲ್ಲಿ ಒಂದು ಚಿಟಿಕೆ ಬಿಸಿ ಮಾಡಿದರೆ ನೀರು ಹೋಗಿ ಬಿಳಿ ಪುಡಿಯಾಗುತ್ತದೆ, ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ಹೆಸರಿನ ಕೊನೆಯ ಪದ ಕಣ್ಣೆದುರೇ ಹೋಗಿ ಬರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಕ್ಕಿಲ್ಲ.

ರೈತರ ಮನೆಯ ಮಕ್ಕಳು ಡಿಎಪಿ ಚೀಲ ತೋರಿಸಿ ಕೇಳುತ್ತಾರೆ: ಅಯಾನು ಸಂಯುಕ್ತದಲ್ಲಿ ‘ಡೈ’ ಬೇಡ ಎಂದಿರಿ, ಡೈಅಮೋನಿಯಂ ಫಾಸ್ಫೇಟ್ ಹೇಗೆ ಬಂತು? ತುಂಬ ಒಳ್ಳೆಯ ಪ್ರಶ್ನೆ. ಫಾಸ್ಫೇಟಿನ ಮೂರು ಋಣ ಆವೇಶಗಳಲ್ಲಿ ಒಂದನ್ನು ಅಲ್ಲಿ ಹೈಡ್ರೋಜನ್ ಹಿಡಿದುಕೊಂಡಿದೆ, ಎರಡನ್ನು ಅಮೋನಿಯಂ. ಒಂದೇ ಅಮೋನಿಯಂ ಇರುವ ಗೊಬ್ಬರವೂ ಮಾರುಕಟ್ಟೆಯಲ್ಲಿದೆ. ಯಾವುದು ಎಂದು ಬೇರ್ಪಡಿಸಲು ಡೈ ಬೇಕಾಯಿತು. ಓಆರ್‌ಎಸ್ ಪೊಟ್ಟಣದಲ್ಲಿರುವ ಟ್ರೈಸೋಡಿಯಂ ಸಿಟ್ರೇಟ್ ಕೂಡ ಇಂಥದ್ದೇ. ಅನುಮಾನ ಇರುವಲ್ಲಿ ಸಂಖ್ಯೆ, ಇಲ್ಲದಲ್ಲಿ ಇಲ್ಲ ಎಂಬ ಮಾತು ಇಲ್ಲಿಯೂ ನಿಲ್ಲುತ್ತದೆ.

ನೀವೇ ಮಾಡಿ ನೋಡಿ

ಉತ್ತರ ಮುಚ್ಚಿಟ್ಟುಕೊಂಡು ಐದು ಹೆಸರು ಬರೆಯಿರಿ. ಒಂದು: ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್. ಎರಡು: ಎರಡು ತಾಮ್ರ, ಒಂದು ಆಕ್ಸಿಜನ್. ಮೂರು: ಒಂದು ಫಾಸ್ಫರಸ್, ಐದು ಕ್ಲೋರಿನ್. ನಾಲ್ಕು: ಒಂದು ಸೀಸ, ಎರಡು ಆಕ್ಸಿಜನ್. ಐದು: ಒಂದು ಬೇರಿಯಂ, ಎರಡು ಆಕ್ಸಿಜನ್.

ಮೊದಲನೆಯದು ಅಲ್ಯೂಮಿನಿಯಂ ಸಲ್ಫೇಟ್, ಸಂಖ್ಯೆ ಬೇಡ. ಎರಡನೆಯದರಲ್ಲಿ ಎರಡು ಋಣವನ್ನು ಎರಡು ತಾಮ್ರ ಹಂಚಿಕೊಂಡಿವೆ, ತಲಾ ಒಂದು: ಕಾಪರ್ (1) ಆಕ್ಸೈಡ್, ಅಂದರೆ ಕ್ಯುಪ್ರಸ್ ಆಕ್ಸೈಡ್. ಮೂರನೆಯದರಲ್ಲಿ ಇಬ್ಬರೂ ಅಲೋಹಗಳು: ಫಾಸ್ಫರಸ್ ಪೆಂಟಾಕ್ಲೋರೈಡ್. ನಾಲ್ಕನೆಯದರಲ್ಲಿ ಎರಡು ಆಕ್ಸೈಡಿಗೆ ನಾಲ್ಕು ಋಣ, ಸೀಸಕ್ಕೆ ನಾಲ್ಕು ಧನ ಇರಬಲ್ಲದು: ಲೆಡ್ (4) ಆಕ್ಸೈಡ್. ಗಾಡಿಯ ಬ್ಯಾಟರಿಯ ಧನ ಫಲಕದ ಮೇಲಿರುವ ಕಂದು ವಸ್ತು ಅದು.

ಐದನೆಯದನ್ನು ನಾಲ್ಕನೆಯದರಂತೆಯೇ ಬರೆದಿದ್ದರೆ ಮತ್ತೆ ಮೊದಲ ಹೆಜ್ಜೆಗೆ ಹೋಗಿ. ಮೊದಲು ನಿಂತಿರುವುದು ಬೇರಿಯಂ, ಎರಡನೇ ಗುಂಪಿನ ಲೋಹ. ಅದಕ್ಕೆ ನಾಲ್ಕು ಧನ ಆವೇಶ ಇರಲು ಸಾಧ್ಯವಿಲ್ಲ, ಎರಡೇ. ಹಾಗಿದ್ದರೆ ಎರಡು ಆಕ್ಸಿಜನ್ ಸೇರಿ ಎರಡೇ ಋಣ ಹೊತ್ತಿರಬೇಕು. ಬೇರೆ ಬೇರೆ ನಿಂತ ಎರಡು ಆಕ್ಸೈಡ್ ಅಲ್ಲ, ಕೈಹಿಡಿದ ಜೋಡಿ. ಅದು ಬೇರಿಯಂ ಪೆರಾಕ್ಸೈಡ್.